ಹಳೆಯ ಮೋಟಾರು ದೋಣಿ: ಇಂಜಿನ್ನು ಬಲಗುಂದಿದಾಗ ಹುಡುಕುವ ಕ್ರಮ



ಔಷಧಿ ಹೊಡೆಯುವ ಸ್ಪ್ರೇಯರು, ಕಳೆ ಕತ್ತರಿಸುವ ಯಂತ್ರ, ಪಂಪ್‌ಸೆಟ್ಟು ಇವುಗಳ ಪಾಲನೆಯ ಬಗ್ಗೆ ಈ ಪುಟದಲ್ಲಿ ಆಗಾಗ್ಗೆ ಬರೆಯುತ್ತ ಬಂದಿದ್ದೇವೆ. ಕಾಫಿ, ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ದೋಣಿಯ ಇಂಜಿನ್ನಿನ ಪಾಠವೇಕೆ ಎಂದು ಕೇಳುವವರು ಇದ್ದಾರು. ಕಾರಣವಿದೆ. ಭದ್ರಾ ಹಿನ್ನೀರಿನ ಅಂಚಿನಲ್ಲಿರುವ ನರಸಿಂಹರಾಜಪುರದ ಕಡೆಯ ಕೆಲವು ಸದಸ್ಯರು, ಹಾಗೆಯೇ ಶರಾವತಿ ಹಿನ್ನೀರಿನ ಕಡೆಯ ಒಬ್ಬಿಬ್ಬರು, ಕರಾವಳಿಯಿಂದಲೋ ಗೋವೆಯಿಂದಲೋ ಹಳೆಯ ವಿಹಾರದೋಣಿಗಳನ್ನು ಕೊಂಡು ತಂದಿದ್ದಾರೆ. ಹೋಂಸ್ಟೇಗೆ ಬರುವ ಅತಿಥಿಗಳನ್ನು ನೀರಿನ ಮೇಲೆ ಸುತ್ತಾಡಿಸುವುದು ಮೊದಲ ಉದ್ದೇಶ; ಆಚೆ ದಡದ ತೋಟಕ್ಕೆ ಆಳು, ಗೊಬ್ಬರ ಸಾಗಿಸುವುದು ಎರಡನೆಯದು. ಶರಾವತಿಯ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ೨೦೨೫ರ ಜುಲೈಯಲ್ಲಿ ತೆರೆದ ಮೇಲೆ ಅಲ್ಲಿ ದಾಟುವ ತಾಪತ್ರಯ ಕಡಿಮೆಯಾಗಿದೆ. ಆದರೆ ಎಲ್ಲರ ತೋಟವೂ ಸೇತುವೆಯ ಪಕ್ಕದಲ್ಲಿ ಇರುವುದಿಲ್ಲವಷ್ಟೆ.

ದೋಣಿ ತಂದವರೆಲ್ಲರದೂ ಹೆಚ್ಚು ಕಡಿಮೆ ಒಂದೇ ದೂರು: "ನೋಡಿ ಬರಲು ಹೋದಾಗ ಹಾರಿಕೊಂಡು ಹೋಗುತ್ತಿತ್ತು, ಇಲ್ಲಿ ತೆವಳುತ್ತದೆ." ಇದರಲ್ಲಿ ಮಾರಿದವನ ಮೋಸವೇ ಇರಬೇಕೆಂದಿಲ್ಲ. ಇಂಜಿನ್ನು ಬಿಚ್ಚಿ ಬೋರು ಮಾಡಿಸಬೇಕೆಂದೂ ಇಲ್ಲ. ನಮ್ಮ ಸದಸ್ಯರೊಬ್ಬರ ದೋಣಿಯನ್ನು ನೋಡಿದ ಮೆಕ್ಯಾನಿಕನೊಬ್ಬನು ಕವರು ತೆಗೆದು ಎರಡು ನಿಮಿಷ ಕಿವಿಗೊಟ್ಟು, "ಪಿಸ್ಟನ್ ಹೋಗಿದೆ, ನಲವತ್ತು ಸಾವಿರ ಇಟ್ಟುಕೊಳ್ಳಿ" ಎಂದನಂತೆ. ಆ ದೋಣಿಯ ಕಥೆ ಮುಂದೆ ಬರುತ್ತದೆ. ಹುಡುಕುವುದಕ್ಕೆ ಒಂದು ಕ್ರಮವಿದೆ ಎಂಬುದನ್ನು ತಿಳಿಸುವುದಷ್ಟೇ ಈ ಪಾಠದ ಉದ್ದೇಶ. ಕ್ರಮ ತಪ್ಪಿ ಕಾರ್ಬುರೇಟರಿನಿಂದ ಆರಂಭಿಸಿದರೆ ಸರಿಯಿರುವುದನ್ನೂ ಕೆಡಿಸಿಕೊಂಡ ಹಾಗಾಗುತ್ತದೆ.

ಇಲ್ಲಿ ಹೇಳುವುದೆಲ್ಲ ದೋಣಿಯ ಹಿಂಬದಿಯ ಹಲಗೆಗೆ ತೂಗುಹಾಕುವ ಔಟ್‌ಬೋರ್ಡ್ ಮೋಟಾರಿನ ಬಗ್ಗೆ. ನಮ್ಮವರು ತಂದಿರುವ ಹಳೆಯವುಗಳಲ್ಲಿ ಹೆಚ್ಚಿನವು ೨೫ರಿಂದ ೪೦ ಅಶ್ವಶಕ್ತಿಯ, ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಯಂತ್ರಗಳು. ನಿಮ್ಮ ಬೆನ್ನಿನ ಮೇಲಿನ ಸ್ಪ್ರೇಯರಿನ ಇಂಜಿನ್ನೇ ದೊಡ್ಡದಾಗಿ ಬೆಳೆದಿದೆ ಎಂದುಕೊಂಡರೆ ಅರ್ಧ ಪಾಠ ಆದಂತೆ. ಪೆಟ್ರೋಲಿನಲ್ಲೇ ಆಯಿಲು ಬೆರೆಸುವುದು, ಪ್ಲಗ್ಗು, ಕಾರ್ಬುರೇಟರು, ಹಗ್ಗ ಎಳೆಯುವುದು, ಎಲ್ಲ ಅದೇ. ಬೇರೆಯಾಗಿರುವುದು ಮೂರು ಸಂಗತಿ: ಸಿಲಿಂಡರು ಒಂದಲ್ಲ, ಎರಡು, ತಂಪು ಮಾಡುವುದು ಗಾಳಿಯಲ್ಲ, ಹೊಳೆಯ ನೀರು, ಹುಟ್ಟಿದ ಬಲವು ಗೇರಿನ ಮೂಲಕ ಪ್ರೊಪೆಲ್ಲರಿಗೆ ಹೋಗಿ ನೀರನ್ನು ತಳ್ಳಬೇಕು. ಫೋರ್-ಸ್ಟ್ರೋಕ್ ತಂದವರಿಗೆ ಆಯಿಲು ಬೆರೆಸುವ ಮಾತು ಬಿಟ್ಟು ಉಳಿದದ್ದು ಬಹುಮಟ್ಟಿಗೆ ಅನ್ವಯಿಸುತ್ತದೆ.

ಎಲ್ಲಕ್ಕಿಂತ ಮೊದಲು ಒಂದು ಎಚ್ಚರಿಕೆ. ನೀರಿನ ಮಧ್ಯೆ ಇಂಜಿನ್ನು ಬಲಗುಂದಿದರೆ ನಮ್ಮ ಕೈ ತಾನಾಗಿಯೇ ಇನ್ನಷ್ಟು ಆಕ್ಸಿಲರೇಟರು ಕೊಡಲು ಹೋಗುತ್ತದೆ. ಹಾಗೆ ಮಾಡಬೇಡಿ, ಇಳಿಸಿರಿ. ಟೂ-ಸ್ಟ್ರೋಕ್ ಇಂಜಿನ್ನಿಗೆ ಆಯಿಲು ಹೋಗುವುದು ಪೆಟ್ರೋಲಿನ ಜೊತೆಯಲ್ಲೇ. ಪೆಟ್ರೋಲು ಸಾಲದೆ ನರಳುತ್ತಿದೆಯೆಂದರೆ ಆಯಿಲೂ ಸಾಲುತ್ತಿಲ್ಲವೆಂದೇ ಅರ್ಥ. ನೂರು ರೂಪಾಯಿಯಲ್ಲಿ ಮುಗಿಯಬೇಕಾದ ದೋಷವು ಪಿಸ್ಟನ್ ಹಿಡಿದುಕೊಂಡು ಸಾವಿರಗಳಿಗೆ ಹೋಗುವುದು ಈ ಹತ್ತು ನಿಮಿಷದ ಹಟದಿಂದ.

ಕೂಗುತ್ತದೆಯೋ, ನರಳುತ್ತದೆಯೋ?

ಮೊದಲ ಪರೀಕ್ಷೆಗೆ ಸ್ಪ್ಯಾನರು ಬೇಡ, ಕಿವಿ ಸಾಕು. ದೋಣಿಯನ್ನು ನಿಲ್ಲುನೀರಿಗೆ ಇಳಿಸಿ, ಇಬ್ಬರೇ ಕುಳಿತು, ಪೂರ್ತಿ ಆಕ್ಸಿಲರೇಟರು ಕೊಟ್ಟು ಓಡಿಸಿರಿ. ಇಂಜಿನ್ನು ಜೋರಾಗಿ ಕೂಗುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ ಎಂದಾದರೆ ಇಂಜಿನ್ನು ಬಲವನ್ನು ಹುಟ್ಟಿಸುತ್ತಿದೆ, ಬಲ ನೀರಿಗೆ ತಲುಪುತ್ತಿಲ್ಲ. ಕೆಸರಿನಲ್ಲಿ ಜೀಪು ಹೂತಾಗ, ಅಥವಾ ಕ್ಲಚ್ ಪ್ಲೇಟು ಸವೆದಾಗ ಆಗುವುದೇ ಇದು. ಬದಲಾಗಿ ಇಂಜಿನ್ನು ಕೂಗುವುದೇ ಇಲ್ಲ, ಏರುದಾರಿಯಲ್ಲಿ ಟಾಪ್ ಗೇರಿನಲ್ಲಿದ್ದ ಲಾರಿಯ ಹಾಗೆ ನರಳುತ್ತದೆ ಎಂದಾದರೆ ಒಂದೋ ಅದು ಬಲ ಹುಟ್ಟಿಸುತ್ತಿಲ್ಲ, ಇಲ್ಲವೇ ಅದರ ಮೇಲಿನ ಹೊರೆ ಮೀರಿದೆ. ಸುತ್ತು ಎಣಿಸುವ ಮೀಟರು ದೋಣಿಯಲ್ಲಿದ್ದರೆ ಇನ್ನೂ ಒಳ್ಳೆಯದು. ಈ ಗಾತ್ರದ ಟೂ-ಸ್ಟ್ರೋಕ್ ಯಂತ್ರಗಳು ಪೂರ್ತಿ ಆಕ್ಸಿಲರೇಟರಿನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ ೪,೫೦೦ರಿಂದ ೫,೫೦೦ ಸುತ್ತು ತಿರುಗಬೇಕು. ನಿಮ್ಮದಕ್ಕೆ ಎಷ್ಟೆಂಬುದು ಯಂತ್ರದ ಪುಸ್ತಕದಲ್ಲಿರುತ್ತದೆ. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಹುಡುಕಬೇಕಾದ ಜಾಗ ಅರ್ಧಕ್ಕಿಳಿಯುತ್ತದೆ.

ಕೂಗುವ ಇಂಜಿನ್ನಿನ ವಿಚಾರ ಬೇಗ ಮುಗಿಯುತ್ತದೆ. ಪ್ರೊಪೆಲ್ಲರಿನ ಎಲೆಗಳಿಗೂ ಒಳಗಿನ ಷಾಫ್ಟಿಗೂ ನಡುವೆ ಒಂದು ರಬ್ಬರ್ ಬುಷ್ ಇರುತ್ತದೆ. ಎಲೆ ಕಲ್ಲಿಗೋ ಮುಳುಗಿದ ಮರದ ಬೊಡ್ಡೆಗೋ ಬಡಿದಾಗ ಗೇರು ಮುರಿಯದಿರಲೆಂದು ಮಾಡಿದ ಏರ್ಪಾಡು ಅದು. ಹಿನ್ನೀರೆಂದರೆ ಮುಳುಗಿದ ಕಾಡು ತಾನೆ. ಬೇಸಿಗೆಯಲ್ಲಿ ನೀರಿಳಿದಾಗ ಬೊಡ್ಡೆಗಳು ನಾಲ್ಕು ಬೆರಳು ನೀರಿನಡಿ ಕಾದು ಕುಳಿತಿರುತ್ತವೆ. ಬಡಿದು ಬಡಿದು ಬುಷ್ ಸಡಿಲವಾದರೆ ನಿಧಾನ ಹೋಗುವಾಗ ಹಿಡಿದುಕೊಂಡಿರುತ್ತದೆ, ವೇಗ ಕೊಟ್ಟೊಡನೆ ಜಾರುತ್ತದೆ. ಪರೀಕ್ಷೆ ಸುಲಭ. ಒಳಗಿನ ಹಿತ್ತಾಳೆಯ ಭಾಗಕ್ಕೂ ಹೊರಗಿನ ಭಾಗಕ್ಕೂ ಸೇರಿದಂತೆ ಮೊಳೆಯಲ್ಲಿ ಒಂದು ನೇರ ಗೀರು ಎಳೆದು, ಒಂದು ಸುತ್ತು ಜೋರಾಗಿ ಓಡಿಸಿ ಬಂದು ನೋಡಿರಿ. ಗೀರು ಎರಡಾಗಿ ಬೇರೆ ಬೇರೆ ಕಡೆ ನಿಂತಿದ್ದರೆ ಬುಷ್ ಹೋಗಿದೆ. ಹಾಗೆಯೇ ಪ್ರೊಪೆಲ್ಲರಿನ ಮೇಲಿರುವ ಅಡ್ಡ ರೆಕ್ಕೆ ದೋಣಿಯ ತಳದ ಮಟ್ಟಕ್ಕೆ ಬಂದಿದೆಯೇ ನೋಡಬೇಕು. ಔಟ್‌ಬೋರ್ಡುಗಳು ಹದಿನೈದು ಅಂಗುಲದ ಮತ್ತು ಇಪ್ಪತ್ತು ಅಂಗುಲದ ಹಿಂಬದಿ ಹಲಗೆಗೆಂದು ಎರಡು ಉದ್ದಗಳಲ್ಲಿ ಬರುತ್ತವೆ. ಒಂದು ದೋಣಿಯ ಇಂಜಿನ್ನನ್ನು ಇನ್ನೊಂದಕ್ಕೆ ಕೂಡಿಸಿ ಮಾರುವಾಗ ಗಿಡ್ಡದನ್ನು ಎತ್ತರದ ಹಲಗೆಗೆ ಹಾಕಿದರೆ, ತಿರುವಿನಲ್ಲಿ ಪ್ರೊಪೆಲ್ಲರು ಗಾಳಿ ಎಳೆದುಕೊಂಡು ಸುಮ್ಮನೆ ಕೂಗುತ್ತದೆ. ಪ್ರೊಪೆಲ್ಲರು ತೆಗೆದಾಗ ಅದರ ಹಿಂದೆ ಮೀನುಬಲೆಯ ನೈಲಾನು ಸುತ್ತಿಕೊಂಡಿದೆಯೇ ನೋಡಿ ಕತ್ತರಿಸಿ ತೆಗೆಯಿರಿ. ಅದು ಸೀಲನ್ನು ಕೊಯ್ದಿದ್ದರೆ ಗೇರಿನ ಆಯಿಲು ಹಾಲಿನ ಬಣ್ಣಕ್ಕೆ ತಿರುಗಿರುತ್ತದೆ.

ಘಟ್ಟ ಹತ್ತಿದ ದೋಣಿ

ಈಗ ನರಳುವ ಇಂಜಿನ್ನಿಗೆ ಬರೋಣ. ಇಲ್ಲಿ ನಮ್ಮ ಸೀಮೆಗೇ ವಿಶೇಷವಾದ ಒಂದು ಸಂಗತಿ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಂತೆ ಕಾಣೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಸಾವಿರ ಅಡಿ ಏರಿದರೆ ಇಂಜಿನ್ನಿನ ಬಲ ಸುಮಾರು ಶೇಕಡ ಮೂರರಷ್ಟು ಕುಗ್ಗುತ್ತದೆ. ಭದ್ರಾ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಕ್ಕಿಂತ ಸುಮಾರು ೨,೧೫೦ ಅಡಿ ಮೇಲಿರುತ್ತದೆ. ೧೯೬೪ರಲ್ಲಿ ಕಟ್ಟಿದ ಲಿಂಗನಮಕ್ಕಿಯದು ೧,೮೧೯ ಅಡಿ. ಅಂದರೆ ಮಲ್ಪೆಯ ಸಮುದ್ರದಲ್ಲಿ ನಲವತ್ತು ಅಶ್ವಶಕ್ತಿ ಕೊಡುತ್ತಿದ್ದ ಯಂತ್ರ ಘಟ್ಟ ಹತ್ತಿ ನರಸಿಂಹರಾಜಪುರಕ್ಕೆ ಬರುವಷ್ಟರಲ್ಲಿ, ಯಾವ ದೋಷವೂ ಇಲ್ಲದೆ, ಎರಡೂವರೆ ಅಶ್ವಶಕ್ತಿಯನ್ನು ಕಳೆದುಕೊಂಡಿರುತ್ತದೆ.

ಎರಡೂವರೆ ಅಶ್ವಶಕ್ತಿ ಯಾವ ದೊಡ್ಡ ಮಾತು ಎನ್ನಬಹುದು. ನಾಡದೋಣಿಗೆ ಅದು ದೊಡ್ಡ ಮಾತಲ್ಲ, ವಿಹಾರದೋಣಿಗೆ ದೊಡ್ಡದೇ. ಈ ದೋಣಿಗಳ ತಳವನ್ನು ನೀರನ್ನು ಸೀಳಿಕೊಂಡು ಹೋಗಲು ಮಾಡಿಲ್ಲ, ನೀರಿನ ಮೇಲೆ ಏರಿ ಜಾರಿಕೊಂಡು ಹೋಗಲು ಮಾಡಿದ್ದಾರೆ. ಹೊರಡುವಾಗ ಮೂಗು ಮೇಲೆತ್ತಿ, ತನ್ನದೇ ಅಲೆಯ ದಿಬ್ಬವನ್ನು ಹತ್ತಿ, ಆಮೇಲೆ ಮಟ್ಟವಾಗಿ ಓಡುತ್ತದೆ. ಆ ದಿಬ್ಬ ಹತ್ತುವವರೆಗೆ ಮಾತ್ರ ಪೂರ್ತಿ ಬಲ ಬೇಕು. ಅಲ್ಲಿಗೆ ಸ್ವಲ್ಪವೇ ಕಡಿಮೆಬಿದ್ದರೂ ದೋಣಿ ಹತ್ತುವುದೇ ಇಲ್ಲ. ಮೂಗೆತ್ತಿಕೊಂಡು ಉಳುವ ಎತ್ತಿನ ಹಾಗೆ ನೀರನ್ನು ಉಳುತ್ತಲೇ ಇರುತ್ತದೆ. ಆದುದರಿಂದ ಶೇಕಡ ಆರರ ನಷ್ಟ ನಮಗೆ ಅರ್ಧಕ್ಕರ್ಧ ವೇಗ ಹೋದ ಹಾಗೆ ಕಾಣುತ್ತದೆ.

ಇದಕ್ಕೆ ಇಂಜಿನ್ನಿಗೆ ಕೈ ಹಾಕಬೇಕಾಗಿಲ್ಲ, ಪ್ರೊಪೆಲ್ಲರನ್ನು ಬದಲಿಸಬೇಕು. ಪ್ರೊಪೆಲ್ಲರಿನ ಮೇಲೆ ಎರಡು ಅಂಕಿಗಳು ಇರುತ್ತವೆ: ಅಡ್ಡಳತೆ ಮತ್ತು ಪಿಚ್ಚು. ಪಿಚ್ಚೆಂದರೆ ಒಂದು ಸುತ್ತಿಗೆ ಅದು ಮುಂದೊತ್ತುವ ಅಂಗುಲ. ಇಂಜಿನ್ನಿನ ಪಾಲಿಗೆ ಅದೇ ಗೇರು. ಸಮುದ್ರಮಟ್ಟಕ್ಕೆಂದು ಹಾಕಿದ ೧೩ರ ಪಿಚ್ಚು ಇಲ್ಲಿ ಟಾಪ್ ಗೇರಾಗುತ್ತದೆ. ಪಿಚ್ಚು ಒಂದು ಅಂಗುಲ ಇಳಿಸಿದರೆ ಪೂರ್ತಿ ಆಕ್ಸಿಲರೇಟರಿನಲ್ಲಿ ಸುಮಾರು ೧೫೦ರಿಂದ ೨೦೦ ಸುತ್ತು ಹೆಚ್ಚುತ್ತದೆ. ಒಂದು ಅಥವಾ ಎರಡು ಅಂಗುಲ ಇಳಿಸಿದ ಪ್ರೊಪೆಲ್ಲರು ಹಾಕಿದ ಮೇಲೆ ತೆವಳುತ್ತಿದ್ದ ದೋಣಿ ದಿಬ್ಬ ಹತ್ತಿದ್ದನ್ನು ನಾನೇ ನೋಡಿದ್ದೇನೆ. ಕಾರ್ಬುರೇಟರಿನ ಜೆಟ್ಟು ಬದಲಿಸಬೇಕಾದಷ್ಟು ಎತ್ತರ ನಮ್ಮದು ಸಾಮಾನ್ಯವಾಗಿ ಅಲ್ಲ. ಆ ಸಲಹೆ ಕೊಡುವವರನ್ನು ಕೊನೆಗೆ ಇಟ್ಟುಕೊಳ್ಳಿ.

ಹೊರೆಯ ಇನ್ನೊಂದು ಕಾರಣ ಕಣ್ಣಿಗೆ ಕಾಣುವುದಿಲ್ಲ. ಫೈಬರಿನ ವಿಹಾರದೋಣಿಗಳಿಗೆ ನೆಲದ ಕೆಳಗೆ ಎರಡನೆಯ ತಳವಿದ್ದು, ಮುಳುಗದಿರಲೆಂದು ನಡುವೆ ಫೋಮು ತುಂಬಿರುತ್ತಾರೆ. ವರ್ಷಗಳು ಕಳೆದಂತೆ ಸಣ್ಣ ಬಿರುಕಿನಿಂದ ನೀರು ಒಳಗಿಳಿದು ಫೋಮು ಹೀರಿಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ. ಒಂದು ಲೀಟರ್ ನೀರು ಒಂದು ಕಿಲೋ. ನೂರು ಲೀಟರ್ ನಿಂತರೆ ಎರಡು ಮೂಟೆ ಗೊಬ್ಬರವನ್ನು ಗೊತ್ತಿಲ್ಲದೆ ಹೊತ್ತು ತಿರುಗಿದ ಹಾಗೆ. ದೋಣಿ ಲಾರಿಯ ಮೇಲಿರುವಾಗಲೇ ವೇ-ಬ್ರಿಜ್ಜಿನಲ್ಲಿ ತೂಗಿಸಿ, ಲಾರಿಯ ತೂಕ, ಇಂಜಿನ್ನಿನ ತೂಕ ಕಳೆದು, ದೋಣಿಯ ಫಲಕದಲ್ಲೋ ಪುಸ್ತಕದಲ್ಲೋ ಇರುವ ತೂಕದೊಂದಿಗೆ ಹೋಲಿಸಿರಿ. ಅಡಿಕೆ, ಕಾಫಿ ತೂಗಿಸುವಾಗ ನಾವು ತೋರಿಸುವ ಜಾಗರೂಕತೆಯ ಕಾಲುಭಾಗ ಇಲ್ಲಿ ತೋರಿಸಿದರೂ ಸಾಕು.

ಗಾಳಿ ಹಿಡಿಯುವುದು

ಪ್ರೊಪೆಲ್ಲರು, ತೂಕ ಎರಡೂ ಸರಿಯಿದ್ದರೆ ಇನ್ನು ಪೆಟ್ರೋಲಿನ ದಾರಿ. ನನ್ನ ಅನುಭವದಲ್ಲಿ ಹಳೆಯ ದೋಣಿಗಳ ದೋಷಗಳಲ್ಲಿ ಹೆಚ್ಚಿನವು ಇಲ್ಲೇ ಸಿಕ್ಕಿವೆ. ಆದಕಾರಣ ಇಲ್ಲಿ ಸ್ವಲ್ಪ ನಿಲ್ಲಬೇಕು.

ಪಂಪ್‌ಸೆಟ್ಟು ಇಟ್ಟವರೆಲ್ಲರಿಗೂ ಗೊತ್ತಿರುವ ಮಾತು: ಡೆಲಿವರಿ ಪೈಪಿನಲ್ಲಿ ತೂತಾದರೆ ನೀರು ಚಿಮ್ಮುತ್ತದೆ, ಕಾಣುತ್ತದೆ. ಸಕ್ಷನ್ ಪೈಪಿನಲ್ಲಿ ತೂತಾದರೆ ಒಂದು ಹನಿಯೂ ಹೊರಬರುವುದಿಲ್ಲ, ಪಂಪು ಗಾಳಿ ಹಿಡಿಯುತ್ತದೆ. ದೋಣಿಯ ಪೆಟ್ರೋಲಿನ ದಾರಿಯೂ ಹೀಗೆಯೇ. ಟ್ಯಾಂಕಿಯು ದೋಣಿಯ ನೆಲದ ಮೇಲಿರುತ್ತದೆ, ಇಂಜಿನ್ನಿನ ಪುಟ್ಟ ಪಂಪು ಅದಕ್ಕಿಂತ ಎತ್ತರದಲ್ಲಿದೆ. ನಡುವಿನ ರಬ್ಬರ್ ಪೈಪು ಪೂರ್ತಿಯಾಗಿ ಸಕ್ಷನ್ ಪೈಪೇ. ಅದರ ಕೊಂಡಿಯಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಪೆಟ್ರೋಲು ಸೋರುವುದಿಲ್ಲ, ವಾಸನೆಯೂ ಬರುವುದಿಲ್ಲ, ಗಾಳಿ ಮಾತ್ರ ಒಳಗೆ ಹೋಗುತ್ತದೆ. ಐಡಲಿನಲ್ಲಿ ಇಂಜಿನ್ನಿಗೆ ಬೇಕಾದದ್ದು ತೊಟ್ಟು ಪೆಟ್ರೋಲು, ಹಾಗಾಗಿ ದಡದಲ್ಲಿ ಮುದ್ದಾಗಿ ಓಡುತ್ತದೆ. ನಲವತ್ತು ಅಶ್ವಶಕ್ತಿಯ ಟೂ-ಸ್ಟ್ರೋಕ್ ಪೂರ್ತಿ ಬಲದಲ್ಲಿ ಗಂಟೆಗೆ ಸುಮಾರು ಹದಿನೈದು ಲೀಟರ್ ಕುಡಿಯುತ್ತದೆ. ಬಾಯಾರಿಕೆ ಗೊತ್ತಾಗುವುದು ಆಗಲೇ, ಅದೂ ನಡುನೀರಿನಲ್ಲಿ.

ಪೈಪಿನ ನಡುವೆ ಕೈಯಿಂದ ಹಿಚುಕುವ ರಬ್ಬರ್ ಬಲ್ಬೊಂದು ಇದೆಯಲ್ಲ, ಅದು ನಾಡಿ ಹಿಡಿದು ನೋಡುವ ಜಾಗ. ಇಂಜಿನ್ನು ಬಲಗುಂದುತ್ತಿರುವಾಗಲೇ, ನಡೆಸುವವರಲ್ಲದ ಇನ್ನೊಬ್ಬರು ಬಲ್ಬು ಹಿಡಿದು ನೋಡಬೇಕು. ಬಲ್ಬು ತಾನಾಗಿ ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡಿದ್ದರೆ ಅಡ್ಡಿ ಟ್ಯಾಂಕಿಯ ಕಡೆ ಇದೆ. ಮೊದಲು ಟ್ಯಾಂಕಿಯ ಮುಚ್ಚಳದ ಮೇಲಿನ ಗಾಳಿತಿರುಪನ್ನು ನೋಡಿರಿ. ಸಾಗಾಟಕ್ಕೆಂದು ಬಿಗಿದದ್ದು ಬಿಗಿದಂತೆಯೇ ಇರುವುದುಂಟು. ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಸೋಲುವ ದೋಣಿಯ ಮುಚ್ಚಳ ತೆಗೆದಾಗ 'ಉಸ್' ಎಂದು ಗಾಳಿ ಒಳಗೆ ಹೋದರೆ ಕಾಯಿಲೆ ಅದೇ. ತಿರುಪು ಸರಿಯಿದ್ದರೆ ಟ್ಯಾಂಕಿಯೊಳಗಿನ ಹೀರುನಳಿಗೆಯ ಜರಡಿ. ಬಲ್ಬು ಚಪ್ಪಟೆಯಾಗಿಲ್ಲ, ಆದರೆ ಎರಡು ಸಲ ಹಿಚುಕಿದೊಡನೆ ಇಂಜಿನ್ನು ಚೇತರಿಸಿಕೊಂಡಿತು ಎಂದಾದರೆ ಪಂಪಿನ ತೆಳುಪೊರೆ ಸೋತಿದೆ ಅಥವಾ ಎಲ್ಲೋ ಗಾಳಿ ಹಿಡಿಯುತ್ತಿದೆ. ಗಾಳಿಯೋ ಅಲ್ಲವೋ ಎಂದು ತಿಳಿಯಲು ಇಂಜಿನ್ನಿನ ಹತ್ತಿರ ಒಂದು ಗೇಣು ಪಾರದರ್ಶಕ ಪೈಪನ್ನು ತಾತ್ಕಾಲಿಕವಾಗಿ ಸೇರಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ಬಲ್ಬು ಗಟ್ಟಿಯಾಗಿದ್ದು, ಹಿಚುಕಿದರೂ ಬದಲಾವಣೆ ಇಲ್ಲವೆಂದರೆ ಮುಂದಿನ ಭಾಗಕ್ಕೆ ಹೋಗಿರಿ. ಇಷ್ಟೆಲ್ಲ ಬೇಡವೆನ್ನುವವರು ಸರಿಯಾಗಿ ಓಡುತ್ತಿರುವ ಬೇರೊಂದು ದೋಣಿಯ ಟ್ಯಾಂಕಿ, ಪೈಪು, ಬಲ್ಬು ಮೂರನ್ನೂ ಒಟ್ಟಿಗೆ ಕೇಳಿ ತಂದು, ಕೊಂಡಿ ಹೊಂದಿದರೆ ಹಾಕಿ ನೋಡಬಹುದು. ಹತ್ತು ನಿಮಿಷದ ಕೆಲಸ.

ನಲವತ್ತು ಸಾವಿರದ ಆ ದೋಣಿಗೆ ಕೊನೆಗೆ ಸಿಕ್ಕಿದ ಚಿಕಿತ್ಸೆ ಇದೇ. ನೆರೆಯವರ ಟ್ಯಾಂಕಿ ಹಾಕಿದೊಡನೆ ಓಡಿತು. ಅವರದೇ ಪೈಪಿನ ಕೊಂಡಿಯೊಳಗೆ ಉದ್ದಿನಕಾಳಿನ ದಪ್ಪದ ರಬ್ಬರ್ ಬಳೆಯೊಂದು ಒಣಗಿ ಸೀಳಿತ್ತು. ಹೊಸ ಪೈಪು, ಬಲ್ಬು, ಕೊಂಡಿ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಬಿಲ್ಲನ್ನು ಅವರು ಕಚೇರಿಗೇ ತಂದು ತೋರಿಸಿದರು.

ಪೆಟ್ರೋಲಿನ ಬಗ್ಗೆಯೂ ಎರಡು ಮಾತು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ ಇಪ್ಪತ್ತರವರೆಗೆ ಎಥನಾಲ್ ಇರುತ್ತದೆ. ಹಳೆಯ ಕಾಲದ ಇಂಜಿನ್ನಿನ ರಬ್ಬರು, ಪಂಪಿನ ಪೊರೆ, ಪೈಪಿನ ಒಳಪದರ ಇದಕ್ಕೆಂದು ಮಾಡಿದವಲ್ಲ, ಉಬ್ಬುತ್ತವೆ, ಪುಡಿಯಾಗುತ್ತವೆ. ಅದಕ್ಕಿಂತ ಮುಖ್ಯವಾದದ್ದು ನೀರು. ಮುಚ್ಚಳದ ಸಂದಿನಿಂದ ಮಳೆನೀರು ಇಳಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿ ಟ್ಯಾಂಕಿಯ ತಳಕ್ಕೆ ಕೂರುತ್ತದೆ. ನಾವು ಬೆರೆಸಿದ ಆಯಿಲು ಮೇಲಿನ ಪೆಟ್ರೋಲಿನಲ್ಲಿ ಉಳಿಯುತ್ತದೆ. ಹೀರುನಳಿಗೆಯ ಬಾಯಿ ಇರುವುದು ತಳದಲ್ಲಿ! ಇಂಜಿನ್ನು ಆಯಿಲಿಲ್ಲದ ನೀರುಸಾರಾಯಿ ಕುಡಿದಂತಾಗುತ್ತದೆ. ಟ್ಯಾಂಕಿಯ ತಳದಿಂದ ಒಂದು ಗಾಜಿನ ಬಾಟಲಿಗೆ ತೆಗೆದು ಅರ್ಧ ಗಂಟೆ ಇಟ್ಟು ನೋಡಿರಿ, ಎರಡು ಪದರ ಕಂಡರೆ ಪೂರ್ತಿ ಚೆಲ್ಲಿ ಟ್ಯಾಂಕಿ ಒಣಗಿಸಬೇಕು. ಆರಿದ್ರೆ ಮಳೆ ಹಿಡಿದ ಮೇಲೆ ಮೂರು ತಿಂಗಳು ದೋಣಿ ಕಟ್ಟಿಹಾಕುವವರು ಕಾರ್ಬುರೇಟರಿನ ಬಟ್ಟಲನ್ನು ಖಾಲಿ ಮಾಡಿಯೇ ಇಡಬೇಕು. ಸ್ಪ್ರೇಯರಿಗೂ ಇದೇ ನಿಯಮ ಎಂದು ಬರೆದು ಬರೆದು ಸಾಕಾಗಿದೆ.

ಆಯಿಲು ಬೆರೆಸುವ ಪ್ರಮಾಣ ಹೆಚ್ಚಿನ ಯಂತ್ರಗಳಿಗೆ ಐವತ್ತಕ್ಕೆ ಒಂದು, ಅಂದರೆ ಲೀಟರಿಗೆ ೨೦ ಮಿಲಿಲೀಟರ್. ಆದರೆ ಸ್ಪ್ರೇಯರಿಗೆ ಹಾಕುವ ಟೂ-ಟಿ ಆಯಿಲನ್ನೇ ಸುರಿಯಬೇಡಿ. ನೀರಿನಿಂದ ತಂಪಾಗುವ ಇಂಜಿನ್ನಿಗೆ ಬೂದಿ ಉಳಿಸದ ಬೇರೆ ಆಯಿಲು ಬೇಕು. ಡಬ್ಬಿಯ ಮೇಲೆ ಟಿ.ಸಿ.-ಡಬ್ಲ್ಯು ೩ ಎಂದು ಬರೆದಿರುತ್ತದೆ.

ಒಂದೇ ಸಿಲಿಂಡರಿನಲ್ಲಿ ಓಡುವ ಜೋಡಿ

ಎರಡರಲ್ಲಿ ಒಂದು ಸಿಲಿಂಡರು ಸತ್ತರೆ ಬಲ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಬದುಕಿರುವುದು ಸತ್ತದ್ದನ್ನೂ ಎಳೆಯಬೇಕಲ್ಲ. ಆದರೂ ಇಂಜಿನ್ನು ಸ್ಟಾರ್ಟಾಗುತ್ತದೆ, ಓಡುತ್ತದೆ. ಹೊಸಬರಿಗೆ ಗೊತ್ತೇ ಆಗುವುದಿಲ್ಲ. ಇಂಜಿನ್ನು ನಿಲ್ಲಿಸಿ, ಒಂದು ಪ್ಲಗ್ಗಿನ ವೈರನ್ನು ಕಳಚಿ ಇಂಜಿನ್ನಿನ ಲೋಹಕ್ಕೆ ತಾಗುವಂತೆ ಭದ್ರವಾಗಿ ಕಟ್ಟಿ, ಮತ್ತೆ ಸ್ಟಾರ್ಟು ಮಾಡಿರಿ. ವೈರನ್ನು ಗಾಳಿಯಲ್ಲಿ ತೂಗಾಡಲು ಬಿಟ್ಟರೆ ಕಾಯಿಲು ಸುಡಬಹುದು, ಷಾಕೂ ಹೊಡೆಯುತ್ತದೆ. ಹೀಗೆ ಒಂದೊಂದಾಗಿ ಮಾಡಿದಾಗ, ಯಾವ ವೈರು ಕಳಚಿದರೂ ಇಂಜಿನ್ನಿನ ಓಟದಲ್ಲಿ ವ್ಯತ್ಯಾಸವಾಗುವುದಿಲ್ಲವೋ ಆ ಸಿಲಿಂಡರು ಮೊದಲೇ ಸತ್ತಿದೆ. ಆಮೇಲೆ ಪ್ಲಗ್ಗುಗಳನ್ನು ಅದಲು ಬದಲು ಮಾಡಿರಿ. ದೋಷ ಪ್ಲಗ್ಗಿನ ಜೊತೆ ಹೋದರೆ ಪ್ಲಗ್ಗಿನದು. ಅಲ್ಲೇ ಉಳಿದರೆ ಕಾಯಿಲು ಬದಲಿಸಿ ನೋಡಬೇಕು. ಪ್ಲಗ್ಗಿನ ಬಣ್ಣವೂ ಮಾತಾಡುತ್ತದೆ. ತಿಳಿ ಕಂದು ಆರೋಗ್ಯದ್ದು. ಕಪ್ಪಗೆ ಒದ್ದೆಯಾಗಿದ್ದರೆ ಬೆಂಕಿ ಹತ್ತುತ್ತಿಲ್ಲ ಅಥವಾ ಆಯಿಲು ಹೆಚ್ಚಾಗಿದೆ. ಸುಣ್ಣದಂತೆ ಬೆಳ್ಳಗಾಗಿದ್ದರೆ ಪೆಟ್ರೋಲು ಸಾಲದು ಅಥವಾ ಕಾವು ಮೀರಿದೆ, ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಬೇಕು.

ಪಿಸ್ಟನ್ ಹೋಗಿದೆಯೆಂದು ಯಾರಾದರೂ ಹೇಳಿದರೆ ಒಂದೇ ಉತ್ತರ: ಗೇಜು ಹಾಕಿ ತೋರಿಸಪ್ಪ. ಎರಡೂ ಪ್ಲಗ್ಗು ಬಿಚ್ಚಿ, ವೈರುಗಳನ್ನು ಲೋಹಕ್ಕೆ ತಾಗಿಸಿ, ಕಂಪ್ರೆಷನ್ ಗೇಜನ್ನು ಪ್ಲಗ್ಗಿನ ತೂತಿಗೆ ಬಿಗಿದು, ಆಕ್ಸಿಲರೇಟರು ಪೂರ್ತಿ ತೆರೆದು, ಮುಳ್ಳು ಮೇಲೇರುವುದು ನಿಲ್ಲುವವರೆಗೆ ನಾಲ್ಕೈದು ಸಲ ಹಗ್ಗ ಎಳೆಯಬೇಕು. ಎರಡು ಸಿಲಿಂಡರುಗಳ ನಡುವಿನ ಅಂತರ ಶೇಕಡ ಹತ್ತು, ಹೆಚ್ಚೆಂದರೆ ಹದಿನೈದರೊಳಗೆ ಇರಬೇಕು. ಒಂದು ೧೨೦ ಪೌಂಡು ತೋರಿಸಿ ಇನ್ನೊಂದು ೮೦ ತೋರಿಸಿದರೆ ಮೆಕ್ಯಾನಿಕನ ಮಾತು ನಿಜ. ಎರಡೂ ೧೧೦ರ ಆಸುಪಾಸಿನಲ್ಲಿದ್ದರೆ ಬೋರಿನ ಮಾತು ಬೇಡ. ಪುಸ್ತಕದ ಅಂಕಿಗಿಂತ ಸ್ವಲ್ಪ ಕಡಿಮೆ ಬಂತೆಂದು ಗಾಬರಿಯಾಗಬೇಕಾಗಿಲ್ಲ. ತೆಳು ಗಾಳಿ ಗೇಜಿನ ಮೇಲೂ ತನ್ನ ಪಾಲು ಕಳೆಯುತ್ತದೆ. ದೋಣಿ ಕೊಳ್ಳುವ ಮುನ್ನ ಮಾಡಬೇಕಾದ ಮೊದಲ ಪರೀಕ್ಷೆಯೂ ಇದೇ. ಗೇಜು ಹಾಕಲು ಬಿಡದವನ ದೋಣಿ ಎಷ್ಟೇ ಅಗ್ಗವಾಗಿರಲಿ, ಕಾಫಿ ಕುಡಿದು ಎದ್ದು ಬರುವುದು ಒಳ್ಳೆಯದು.

ಕಾವಿನ ವಿಷಯ. ಓಡುವಾಗ ಇಂಜಿನ್ನಿನ ಹಿಂದೆ ಸಣ್ಣ ತೂತಿನಿಂದ ನೀರಿನ ಎಳೆಯೊಂದು ಚಿಮ್ಮುತ್ತಿರಬೇಕು. ಅದು ನಿಂತರೆ ಇಂಜಿನ್ನು ಕೂಡಲೇ ನಿಲ್ಲಬೇಕು. ಕೆಳಗಿನ ನೀರಿನ ಪಂಪಿನೊಳಗೆ ರಬ್ಬರಿನ ಎಲೆಚಕ್ರವಿದೆ. ನೀರಿಲ್ಲದೆ ದಡದಲ್ಲಿ ಒಂದು ನಿಮಿಷ ಓಡಿಸಿ "ಸ್ಟಾರ್ಟಾಗುತ್ತದೆ ನೋಡಿ" ಎಂದು ತೋರಿಸಿದರೂ ಅದು ಸುಟ್ಟುಹೋಗಬಹುದು. ವರ್ಷಕ್ಕೊಮ್ಮೆ, ತಪ್ಪಿದರೆ ಎರಡು ವರ್ಷಕ್ಕೊಮ್ಮೆ, ಬದಲಿಸಿಬಿಡುವುದು ಲೇಸು. ಸಮುದ್ರದಲ್ಲಿ ದುಡಿದ ಇಂಜಿನ್ನಿನ ನೀರಿನ ದಾರಿಯಲ್ಲಿ ಉಪ್ಪು ಕಲ್ಲಾಗಿ ಕಟ್ಟಿರುತ್ತದೆ, ಥರ್ಮೋಸ್ಟ್ಯಾಟು ಅಂಟಿಕೊಂಡಿರುತ್ತದೆ. ನೀರಿನ ಎಳೆ ಇದ್ದೂ ತಲೆಭಾಗ ಬೇಯುವುದು ಇದರಿಂದ. ಕೆಲವು ಯಂತ್ರಗಳಲ್ಲಿ ಕಾವು ಮೀರಿದಾಗ ತಾನಾಗಿ ವೇಗ ತಗ್ಗಿಸುವ ಏರ್ಪಾಡಿದೆ. ಅದನ್ನು ಬಲಗುಂದಿದ್ದೆಂದು ತಿಳಿದು ಆ ವೈರನ್ನೇ ಕತ್ತರಿಸಿದ ಪ್ರತಿಭಾವಂತರೂ ಇದ್ದಾರೆ.

ಮರೆಯುವ ಮೊದಲು ಇನ್ನೊಂದು. ಇಂಜಿನ್ನು ನಿಲ್ಲಿಸಿಕೊಂಡು, ಸ್ಟೀರಿಂಗಿನ ಪಕ್ಕದ ಹಿಡಿಯನ್ನು ಪೂರ್ತಿ ಮುಂದೆ ತಳ್ಳಿ, ಕಾರ್ಬುರೇಟರಿನ ಚಿಟ್ಟೆ ಪೂರ್ತಿ ತೆರೆಯಿತೇ ಕಣ್ಣಾರೆ ನೋಡಿರಿ. ಕೇಬಲ್ಲು ಜಗ್ಗಿ ಮುಕ್ಕಾಲು ಮಾತ್ರ ತೆರೆಯುವುದು ಹಳೆಯ ದೋಣಿಗಳಲ್ಲಿ ಸಾಮಾನ್ಯ. ಚೋಕಿನ ಚಿಟ್ಟೆ ಅರ್ಧ ಮುಚ್ಚಿಕೊಂಡೇ ನಿಂತಿರುವುದೂ ಉಂಟು. ಒಂದು ನಟ್ಟು ತಿರುಗಿಸಿದರೆ ಮುಗಿಯಿತು.

ಈ ಪರೀಕ್ಷೆಗಳಲ್ಲಿ ನೀರಿನ ಮೇಲೆ ಮಾಡಬೇಕಾದವುಗಳನ್ನು ಒಬ್ಬರೇ ಮಾಡಬೇಡಿ, ಅತಿಥಿಗಳನ್ನೋ ಮಕ್ಕಳನ್ನೋ ಕೂರಿಸಿಕೊಂಡಂತೂ ಬೇಡವೇ ಬೇಡ. ದಡದ ಮಗ್ಗುಲಲ್ಲೇ, ಲೈಫ್ ಜಾಕೆಟ್ಟು ತೊಟ್ಟು, ಹುಟ್ಟು ಮತ್ತು ಉದ್ದ ಹಗ್ಗ ಇಟ್ಟುಕೊಂಡು, ಬೆಳಗಿನ ಹೊತ್ತಿನಲ್ಲಿ ಮಾಡಿರಿ. ಮಧ್ಯಾಹ್ನದ ಮೇಲೆ ಹಿನ್ನೀರಿನಲ್ಲಿ ಗಾಳಿ ಎದ್ದರೆ ಸತ್ತ ಇಂಜಿನ್ನಿನ ಅಗಲ ತಳದ ದೋಣಿ ಹುಟ್ಟಿಗೆ ಬಗ್ಗುವುದಿಲ್ಲ. ಇಂಜಿನ್ನು ನಿಲ್ಲಿಸುವ ಹಗ್ಗದ ಕೊಂಡಿ ನಡೆಸುವವರ ಮೈಗೆ ಸಿಕ್ಕಿರಲಿ. ಪೆಟ್ರೋಲಿನ ಪೈಪು ಬಿಚ್ಚಿದ ದೋಣಿಯಲ್ಲಿ ಬೀಡಿ ಸಿಗರೇಟು ಕೂಡದು. ದಡದಲ್ಲಿ ಹಗ್ಗ ಎಳೆಯುವಾಗ ಪ್ರೊಪೆಲ್ಲರನ್ನು ಕಳಚಿಟ್ಟಿರಬೇಕು. ೨೦೨೧ರ ಒಳನಾಡು ನೌಕೆಗಳ ಕಾಯ್ದೆಯಂತೆ ಯಂತ್ರದ ದೋಣಿಗೆ ನೋಂದಣಿ ಬೇಕಾಗುವುದರಿಂದ, ಕೊಳ್ಳುವಾಗ ಹಳೆಯ ಕಾಗದಪತ್ರಗಳನ್ನು ಕೇಳಿ ಪಡೆಯಿರಿ. ಅಭಯಾರಣ್ಯಕ್ಕೆ ತಗುಲಿದ ನೀರಿನಲ್ಲಿ ಇಳಿಸುವ ಮುನ್ನ ಅರಣ್ಯ ಇಲಾಖೆಯನ್ನು ವಿಚಾರಿಸಬೇಕು.

ಕಂಪ್ರೆಷನ್ ಗೇಜೊಂದು ಸಂಘದ ಕಚೇರಿಯಲ್ಲಿದೆ. ಸದಸ್ಯರು ಪುಸ್ತಕದಲ್ಲಿ ಸಹಿ ಹಾಕಿ ಮೂರು ದಿನಗಳ ಮಟ್ಟಿಗೆ ಒಯ್ಯಬಹುದು. ೧೪ ಮಿಲಿಮೀಟರಿನ ಪ್ಲಗ್ಗಿರುವ ಇಂಜಿನ್ನಿಗೆಲ್ಲ ಅದು ಹೊಂದುತ್ತದೆ, ಸ್ಪ್ರೇಯರಿಗೂ ಆಗುತ್ತದೆ. ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ಸ್ಪ್ರೇಯರಿನವರಿಗೆ ಮೊದಲು, ದೋಣಿಯವರಿಗೆ ಆಮೇಲೆ.

— ಕಾರ್ಯದರ್ಶಿ